ಮೆಟಲ್ ಹಾಡಿಗೆ ಎರಡು ತೊಟ್ಟು ಎಣ್ಣೆ

ಸೂಜಿ ಬಿದ್ದರೆ ಅದು ಎಷ್ಟನೇ ನಂಬರಿನ ಸೂಜಿ ಎಂದು ಹೇಳಬಲ್ಲ ಕಿವಿ ನನ್ನದು! ಓದಿದ್ದು ಮೂರನೇ ಕ್ಲಾಸು. ಆದರೆ ಹೊಲಿಗೆ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದವಳು. ಅರವತ್ತು ಮೆಷಿನ್ನುಗಳು ಒಟ್ಟಿಗೆ ಗರಗರ ಎನ್ನುವಾಗಲೂ ಎಣ್ಣೆ ಬೇಡುತ್ತಿರುವುದು ಯಾವುದು ಎಂದು ಕೂತಲ್ಲೇ ಬೆರಳು ತೋರಿಸುತ್ತಿದ್ದೆ. ಮೆಕ್ಯಾನಿಕ್ಕೇ ನನಗೆ ‘ಕಿವಿಯಮ್ಮ’ ಎಂದು ಬಿರುದು ಕೊಟ್ಟಿದ್ದ. ಹೀಗಾಗಿ ಅಳಿಯಂದಿರ ಹೊಸ ಸ್ಪೀಕರುಗಳ ಹಣೆಬರಹ ತೀರ್ಮಾನಿಸುವ ಕೆಲಸ ನನ್ನ ಕಿವಿಯ ಪಾಲಿಗೆ ಬಂದಾಗ, ಹೈಕೋರ್ಟು ಜಡ್ಜಿನ ಗತ್ತಿನಲ್ಲಿ ಒಪ್ಪಿಕೊಂಡೆ.

ಸಂಗತಿ ಇಷ್ಟೇ. ಅಳಿಯಂದಿರು ಹೈ-ರೆಸಲ್ಯೂಷನ್ ಎಂಬ ಸ್ಪೀಕರ್ ಜೋಡಿ ತಂದಿದ್ದರು. ಕಾಲೇಜಿನ ದಿನಗಳಿಂದ ಅವರು ಜೀವ ಬಿಡುವ, ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದ ಒಂದು ಹಳೇ ಆಲ್ಬಂ ಇದರಲ್ಲಿ ಎಳೆ ಎಳೆಯಾಗಿ ಕೇಳುತ್ತದಂತೆ. ಮಗಳು ನಂಬಲಿಲ್ಲ. ಮನೆಯ ಹಳೇ ಸ್ಪೀಕರಿನಲ್ಲಿ ಬರೀ ಗಲಾಟೆ, ಇದರಲ್ಲಿ ಸೋಸಿದ ಗಲಾಟೆ, ಅಷ್ಟೇ ಅಂದಳು. ಸಂಜೆಯೊಳಗೆ ಅಮ್ಮನಿಗೆ ವ್ಯತ್ಯಾಸ ಗೊತ್ತಾದರೆ ಸರಿ, ಇಲ್ಲದಿದ್ದರೆ ಅಂಗಡಿಗೆ ವಾಪಸ್ ಎಂದು ಷರತ್ತು ಹಾಕಿ ಕೆಲಸಕ್ಕೆ ಹೋದಳು. ಅಳಿಯಂದಿರು ಆಲ್ಬಂ ಹಾಕಿಕೊಟ್ಟು ಪಕ್ಕದ ಕೋಣೆಯಲ್ಲಿ ತಮ್ಮ ಕೆಲಸಕ್ಕೆ ಕೂತರು.

ಅಬ್ಬಬ್ಬಾ! ಮೊದಲು ಎದೆ ಝಲ್ಲೆಂದಿತು. ಸಾವರಿಸಿಕೊಂಡು ಕೇಳಿದರೆ, ಅದು ಗಲಾಟೆಯಲ್ಲ, ಹದವಾಗಿ ಓಡುವ ಕಾರ್ಖಾನೆ! ನಾಲ್ಕೇ ಜನ, ನಾನೂರು ಜನರ ದುಡಿಮೆ. ಗಿಟಾರಿನವನು ನಾಲ್ಕು ಮಡಿಕೆ ಜೀನ್ಸ್ ಬಟ್ಟೆಯ ಮೇಲೆ ಒಂದು ಹೊಲಿಗೆಯೂ ತಪ್ಪದಂತೆ ಓಡುತ್ತಾನೆ. ಹಾಡುವವನು ನಮ್ಮ ಸೂಪರ್‌ವೈಸರ್ ಥರ ಅರಚಿದರೂ, ಅರಚುವ ಮುಂಚೆ ಮಗುವಿನಂತೆ ಉಸಿರೆಳೆದುಕೊಳ್ಳುವುದೂ ಕೇಳುತ್ತದೆ. ಇನ್ನು ಡ್ರಮ್ಮಿನವನ ಕಾಲು! ದಿನಕ್ಕೆ ಇನ್ನೂರು ಕಾಲರ್ ಹೊಲಿದ ಈ ಕಾಲುಗಳೇ ಸೋಲೊಪ್ಪಿದವು.

ಆದರೆ ನಿಧಾನದ ಹಾಡು ಬಂದಾಗ, ಎಡಗಡೆಯಿಂದ ಸಣ್ಣಗೆ ‘ಕಿರ್... ಕಿರ್...’

ಇಷ್ಟು ಒಳ್ಳೆಯ ಕೆಲಸಗಾರರಿಗೆ ಒಣಗಿದ ಮೆಷಿನ್ನೇ? ಮಗಳ ಕಿವಿಗೆ ಬಿದ್ದರೆ ಅಳಿಯಂದಿರ ಕಥೆ ಮುಗಿಯಿತು! ಸದ್ದಿಲ್ಲದೆ ನನ್ನ ಹೊಲಿಗೆ ಮೆಷಿನ್ನಿನ ಎಣ್ಣೆ ಡಬ್ಬಿ ತಂದು, ಎಡಗಡೆ ಸ್ಪೀಕರಿನ ಜಾಲರಿಯೊಳಗೆ ಎರಡು ತೊಟ್ಟು ಬಿಟ್ಟೆ. ಕಿರ್! ಇನ್ನೆರಡು. ಕಿರ್! ಕೊನೆಗೆ ಡಬ್ಬಿಯನ್ನೇ ಬಗ್ಗಿಸಿದೆ.

ಸಂಜೆ ಮಗಳು ಬಂದು ತೀರ್ಪು ಕೇಳಿದಳು. ಅಳಿಯಂದಿರ ಮೇಲೆ ಎಷ್ಟೇ ಅಕ್ಕರೆಯಿದ್ದರೂ ನನ್ನ ಕಿವಿ ಸುಳ್ಳು ಹೇಳದು. ಹೊಸದು ಕಿರ್ ಅನ್ನುತ್ತದೆ ಎಂದೆ. ಅವಳು ಖಾಲಿ ರಟ್ಟಿನ ಪೆಟ್ಟಿಗೆ ಎಳೆದು ತಂದಳು. ಅಳಿಯಂದಿರ ಮುಖ ಬಾಡಿತು. ಎಲ್ಲಿ, ತೋರಿಸಿ ಎಂದು ಹಾಡು ಹಾಕಿದರು. ಕಿರ್ ಅಂದಾಗಲೆಲ್ಲ ಬೆರಳೆತ್ತಿದೆ. ಹಳೇ ಸ್ಪೀಕರಿನಲ್ಲಿ ಹಾಕಿದರು. ಬೆರಳು ಏಳಲೇ ಇಲ್ಲ. ಮತ್ತೆ ಹೊಸದನ್ನು ಹಾಕಿ, ಬಲಗಡೆಯದಕ್ಕೆ ಕಿವಿ ಆನಿಸಿದರು. ಅಲ್ಲೂ ಕಿರ್!

“ಅತ್ತೆ, ಇದು ಸ್ಪೀಕರ್ ಅಲ್ಲ. ಡ್ರಮ್ಮಿನವನ ಪೆಡಲ್. ಅವನು ಒತ್ತಿದಾಗ ಕಿರ್ ಅಂದಿದ್ದು ರೆಕಾರ್ಡ್ ಆಗ್ಬಿಟ್ಟಿದೆ. ಇಪ್ಪತ್ತೈದು ವರ್ಷದಿಂದ ಕೇಳ್ತಿದೀನಿ, ನನಗೇ ಗೊತ್ತಿರ್ಲಿಲ್ಲ.”

ಮಗಳು ಒಮ್ಮೆ ನನ್ನನ್ನು, ಒಮ್ಮೆ ಸ್ಪೀಕರನ್ನು ನೋಡಿ, ಪೆಟ್ಟಿಗೆಯನ್ನು ಕಾಲಿಂದ ಆಚೆ ತಳ್ಳಿದಳು. ಅಮ್ಮನಿಗೆ ವ್ಯತ್ಯಾಸ ಗೊತ್ತಾಯ್ತಲ್ಲ, ಸರಿ ಇಟ್ಕೊಳ್ರೀ ಅಂದಳು. ಅಳಿಯಂದಿರು ಸಂಭ್ರಮದಲ್ಲಿ ಸದ್ದು ಏರಿಸಿದರು. ನಾನು ಹೊಗಳಿಕೆ ಸ್ವೀಕರಿಸಲು ಕನ್ನಡಕ ಸರಿಮಾಡಿಕೊಂಡೆ.

ಅಷ್ಟರಲ್ಲಿ ಎಡಗಡೆಯದು ಗೊರಗೊರ ಕೆಮ್ಮಿತು. ಜಾಲರಿಯಿಂದ ಎಣ್ಣೆ ಒಂದು ಗೆರೆಯಾಗಿ ಇಳಿಯಿತು. ಆಮೇಲೆ ಅದರಿಂದ ಸದ್ದೇ ಇಲ್ಲ. ಇಬ್ಬರ ಕಣ್ಣೂ ನನ್ನ ಕುರ್ಚಿಯ ಪಕ್ಕದ ಡಬ್ಬಿಯ ಮೇಲೆ ಬಿತ್ತು.

“ಈಗ ಹೇಗಿದೆ ಅಮ್ಮ,” ಮಗಳು ತುಂಬ ನಿಧಾನವಾಗಿ ಕೇಳಿದಳು, “ಕಿರ್ ಅನ್ನೋದು ನಿಂತಿತಾ?”

“ಎಡಗಡೆ ಪೂರ್ತಿ ನಿಂತಿದೆ,” ಎಂದೆ.

ಅಳಿಯಂದಿರು ಬಲಗಡೆಯದನ್ನು ಎತ್ತಿ ಎದೆಗವಚಿಕೊಂಡರು.