ನುಂಗಬೇಡ್ರಿ ಕಾಕಾ!

ಕೂತು ಉಣ್ಣುವವರನ್ನು ನೀವು ನೋಡಿದ್ದೀರಿ. ಬಫೆಯ ಕೃಪೆಯಿಂದ ನಿಂತು ಉಣ್ಣುವವರನ್ನೂ ನೋಡಿದ್ದೀರಿ. ಹಾರಿ ಉಣ್ಣುವವರನ್ನು? ಜಗತ್ತಿನಲ್ಲಿ ಅಂಥವರು ಎಷ್ಟು ಮಂದಿಯೋ ತಿಳಿಯದು, ನಮ್ಮ ಮನೆತನದಲ್ಲಂತೂ ಒಬ್ಬರಿದ್ದರು: ನಮ್ಮಪ್ಪನ ತಮ್ಮ, ಪುಣೆ ಕಡೆಯ ಶಿರೂರಿನಲ್ಲಿ ಸೀರೆ ಅಂಗಡಿ ಇಟ್ಟಿರುವ ನಮ್ಮ ಕಾಕಾ!

ಕಾಕಾ ಊಟಕ್ಕೆ ಕೂತರೆ ನಾಲ್ಕು ತುತ್ತಿಗೆ ಮಾತು ನಿಲ್ಲುತ್ತಿತ್ತು. ಅದೇ ಅಪಾಯದ ಸೂಚನೆ. ಬೇರೆ ಯಾವುದಕ್ಕೂ ಅವರ ಮಾತು ನಿಂತ ದಾಖಲೆಯಿಲ್ಲ. ತಟ್ಟನೆ ಏಳುವರು, ಎರಡೂ ಕೈ ಮೇಲೆತ್ತುವರು, ಎದೆ ಸೆಟೆದು ಕುಪ್ಪಳಿಸುವರು, ಮೇಲೊಂದು ಲೋಟ ಬಿಸಿನೀರು ಗಂಟಲಿಗೆ ಸುರಿದುಕೊಳ್ಳುವರು. ತುತ್ತು ಇಳಿಯಿತೋ, ಮಾತು ನಿಂತಲ್ಲಿಂದಲೇ ಶುರು!

ಖಡಕಿಯಲ್ಲಿ ಪರಿಚಯದವರ ಮದುವೆ. ಪಂಕ್ತಿಯ ನಡುವೆ ಕಾಕಾ ಎದ್ದು ಕೈ ಎತ್ತಿದ್ದೇ ತಡ, ಪಕ್ಕದಲ್ಲಿದ್ದ ಮರಾಠಿ ಅಜ್ಜನೊಬ್ಬ ಭಕ್ತಿ ಉಕ್ಕಿ "ವಿಠ್ಠಲ! ವಿಠ್ಠಲ!" ಎನ್ನುತ್ತ ತಾನೂ ಎದ್ದ. ಅವನ ಹಿಂದೆ ಇಡೀ ಸಾಲೇ ಎದ್ದಿತು. ಜಿಲೇಬಿ ಬಡಿಸುತ್ತಿದ್ದವನು ಬುಟ್ಟಿ ಕೆಳಗಿಟ್ಟು ಕೈಮುಗಿದ. ಕಾಕಾನ ತುತ್ತು ಯಾವಾಗಲೋ ಇಳಿದಿತ್ತು. ಆದರೇನು, ಭಜನೆ ಮುಗಿಯುವ ತನಕ ಕೂಡುವ ಹಾಗಿಲ್ಲವಲ್ಲ!

ಮನೆಯಲ್ಲಾದರೆ ತಪ್ಪೆಲ್ಲ ಕಾಕಿಯದು. "ರೊಟ್ಟಿ ಭಾಳ ಬಿರುಸು." "ಪಲ್ಯಾ ಒಣಾ ಒಣಾ." ಕಾಕಿ ಏನೆನ್ನುತ್ತಿದ್ದರು? ಏನೂ ಇಲ್ಲ. ಕಾಕಾನ ಎದುರು ಯಾರಿಗಾದರೂ ಮಾತಿನ ಪಾಳಿ ಬಂದೀತೆ? ಕಾಕಿ ಒಂದು ವಾಕ್ಯ ಶುರು ಮಾಡಿದರೆ ಕಾಕಾ ಅದನ್ನು ಕಸಿದುಕೊಂಡು, ತಮಗೆ ಬೇಕಾದ ಹಾಗೆ ಮುಗಿಸಿಬಿಡುತ್ತಿದ್ದರು.

ಕೊನೆಗೆ ಮೆತ್ತನೆಯ ಅನ್ನವೂ ಸಿಕ್ಕಿಕೊಳ್ಳತೊಡಗಿತು. ಕಾಕಾ ಇಳಿದುಹೋದರು, ಅಂಗಿ ಗೂಟಕ್ಕೆ ತೂಗುಹಾಕಿದಂತೆ ಕಾಣತೊಡಗಿತು. ನಾನು ಪುಣೆಯ ಖರಾಡಿಯಲ್ಲಿ ಕೆಲಸ ಮಾಡುವವಳು. ಒಂದು ದಿನ ರಜೆ ಹಾಕಿ, ಶಿರೂರಿಗೆ ಹೋಗಿ, ಇಬ್ಬರನ್ನೂ ಕಾರಿನಲ್ಲಿ ಪುಣೆಗೆ ಕರೆತಂದೆ. ಡಾಕ್ಟರು ಎಲ್ಲ ನೋಡಿ, ಅನ್ನನಾಳದ ಪ್ರೆಶರ್ ಅಳೆಯಬೇಕೆಂದರು.

"ಪ್ರೆಶರ್ ನೋಡಿಸೀನ್ರಿ, ನಾರ್ಮಲ್ ಅದ," ಎಂದರು ಕಾಕಾ.

"ಅದು ರಕ್ತದ್ದು ಕಾಕಾ. ಇದು ಅನ್ನನಾಳದ್ದು," ಎಂದೆ ನಾನು.

"ಅನ್ನನಾಳಕ್ಕ ಯಾಕ ಪ್ರೆಶರ್? ಅಂಗಡಿ ನಡಸೋನು ನಾನಲ್ಲೇನು!"

ಪರೀಕ್ಷೆಯ ಕೋಣೆಯಲ್ಲಿ ಒಂದು ಪರದೆ, ಅದಕ್ಕೆ ಜೋಡಿಸಿದ ತೆಳ್ಳನೆಯ ಉದ್ದ ನಳಿಗೆ. ನಳಿಗೆಯ ಉದ್ದಕ್ಕೂ ಒತ್ತಡ ಅರಿಯುವ ಸಣ್ಣ ಸಣ್ಣ ಪಟ್ಟಿಗಳು. ಕಾಕಾ ಅದನ್ನು ಬೆರಳ ನಡುವೆ ಹಿಡಿದು, ಸೀರೆಯ ನೇಯ್ಗೆಯ ನಯ ನೋಡುವಂತೆ ಉಜ್ಜಿ, "ಮಾಲು ಛಲೋ ಅದ," ಎಂದು ಒಪ್ಪಿಗೆ ಕೊಟ್ಟರು. ಅದು ತಮ್ಮ ಮೂಗಿನಿಂದ ಹೊಟ್ಟೆಯ ತನಕ ಇಳಿಯಲಿರುವ ಮಾಲು ಎಂದು ತಿಳಿದಾಗ ಒಪ್ಪಿಗೆ ವಾಪಸಾಯಿತು! ಬೈದು, ರಮಿಸಿ, ಅಂತೂ ಮಲಗಿಸಿದೆವು. ನಳಿಗೆ ಇಳಿಸಿ, ಮೂಗಿಗೆ ಪಟ್ಟಿ ಅಂಟಿಸಿದ ಆಸ್ಪತ್ರೆಯ ಹುಡುಗಿ ಮರಾಠಿಯಲ್ಲಿ ಕಟ್ಟಪ್ಪಣೆ ಮಾಡಿದಳು: "ಕಾಕಾ, ಆತಾ ಬೋಲೂ ನಕಾ. ಗಿಳೂ ನಕಾ." ಈಗ ಮಾತಾಡುವಂತಿಲ್ಲ, ತಾನು ನೀರು ಕೊಟ್ಟು ಹೇಳುವ ತನಕ ನುಂಗುವಂತೆಯೂ ಇಲ್ಲ.

ಮಾತಾಡುವಂತಿಲ್ಲ! ಕಾಕಾ!

ಪರದೆಯ ಮೇಲೆ ನೀಲಿ, ಹಸಿರು, ಕೆಂಪು ಬಣ್ಣಗಳು ಹರಡಿದವು. "ಅಯ್ಯ, ಇಳಕಲ್ ಸೀರಿ ಆಗ್ಯದಲ್ಲ!" ಎಂದರು ಕಾಕಿ. ಅದು ಪೈಠಣಿ ಎಂದು ತಿದ್ದಲು ಕಾಕಾ ಬೆರಳೆತ್ತಿದರು. ಹುಡುಗಿ ಕಣ್ಣು ಬಿಟ್ಟಳು. ಬೆರಳು ಕೆಳಗಿಳಿಯಿತು.

ಕಾಕಿ ಸ್ವಲ್ಪ ಹೊತ್ತು ಕಾದರು. ಯಾರೂ ಅವರ ಮಾತು ಕಸಿದುಕೊಳ್ಳಲಿಲ್ಲ. ಸ್ಟೂಲನ್ನು ಕಾಕಾನ ಹತ್ತಿರ ಎಳೆದುಕೊಂಡು ಕೂತರು.

"ಖರೆ ಹೇಳ್ತೀನ್ರಿ, ನಾ ಭಾಳ ಅಂಜಿದ್ದೆ. ನೀವು ತಾಟು ಬಿಟ್ಟು ಎದ್ದಾಗೆಲ್ಲಾ ಎದಿ ಧಸಕ್ ಅಂತಿತ್ತು. ಎಂಥಾ ಕೆಟ್ಟ ಬ್ಯಾನಿ ಅದನೋ ಅಂತ. ಬಾಯಿ ಬಿಟ್ಟು ಕೇಳಿದ್ರ ಎಲ್ಲಿ ಖರೆ ಆಗ್ತದೋ ಅಂತ ಸುಮ್ಮನಿದ್ದೆ. ನೀವು ರೊಟ್ಟಿ ಬಿರುಸು ಅಂತಿದ್ರಿ. ಹಂಗ ಇರಲಿ ದೇವರ, ನನ್ನ ರೊಟ್ಟೀದ ತಪ್ಪಿರಲಿ ಅಂತ ಬೇಡಿಕೋತಿದ್ದೆ. ನಿಮಗ ಇಳೀಲಾರದ ದಿನ ನನಗೂ ಇಳೀತಿರಲಿಲ್ರಿ. ನನ್ನ ಪಾಲಿಂದು ಹೊರಗ ಆಕಳಿಗೆ ಹಾಕಿ ಬರ್ತಿದ್ದೆ."

ಪರದೆಯ ಮೇಲ್ಭಾಗದಲ್ಲಿ ಒಂದು ಕೆಂಪು ಗೆರೆ ಚಿಮ್ಮಿತು.

"ಕಾಕಾ! ಗಿಳೂ ನಕಾ ಮ್ಹಣಾಲೆ ನಾ? ಪಾಣೀ ಕುಠೆ ದಿಲಂ ಅಜೂನ್?" ಹುಡುಗಿ ಗದರಿದಳು. ನೀರೇ ಕೊಟ್ಟಿಲ್ಲ, ಏನನ್ನು ನುಂಗಿದಿರಿ?

ನಾವು ತಿರುಗಿ ನೋಡಿದೆವು. ಕಾಕಾನ ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಹರಿಯುತ್ತಿತ್ತು. ನಳಿಗೆ ಹಾಕಿದರೆ ಹಾಗಾಗುತ್ತದೆ ಎಂದು ಹುಡುಗಿ ಸಮಾಧಾನ ಹೇಳಿದಳು. ಆಗುತ್ತಿರಬಹುದು. ಕಾಕಾನ ಕೈ ಹಾಸಿಗೆಯ ಮೇಲೆ ತಡವರಿಸುತ್ತ ಹೋಗಿ ಕಾಕಿಯ ಬಳೆಗಳ ಹತ್ತಿರ ನಿಂತಿತು.

ಅನ್ನನಾಳದ ಕೆಳತುದಿಯ ಬಿಗಿ ಸಡಿಲುವುದೇ ಇಲ್ಲ, ತುತ್ತು ಅಲ್ಲೇ ನಿಲ್ಲುತ್ತದೆ ಎಂದು ಗೊತ್ತಾಯಿತು. ಮುಂದೆ ಡಾಕ್ಟರು ಒಳಗೊಂದು ಬಲೂನು ಇಳಿಸಿ, ಉಬ್ಬಿಸಿ, ದಾರಿ ಅಗಲ ಮಾಡಿದರು. ಕಾಕಾ ಈಗ ಎಲ್ಲರ ಹಾಗೆ ಕೂತು ಉಣ್ಣುತ್ತಾರೆ.

ಆದರೆ ಪರೀಕ್ಷೆಯಾದ ಆ ಸಂಜೆ ಶಿರೂರಿಗೆ ಮರಳುವಾಗ ನಗರ ರಸ್ತೆಯ ಟ್ರಾಫಿಕ್ಕಿನಲ್ಲಿ ಕಾರು ತೆವಳುತ್ತಿತ್ತು. ನಳಿಗೆ ತೆಗೆದದ್ದಾಗಿತ್ತು, ಕಾಕಾ ಇನ್ನು ಶುರು ಮಾಡುತ್ತಾರೆಂದು ನಾನೂ ಕಾಕಿಯೂ ಸುಮ್ಮನೆ ಕಾದೆವು. ಮಾತಿಲ್ಲ. ವಾಘೋಲಿ ದಾಟಿದ ಮೇಲೆ ಹಿಂದಿನ ಸೀಟಿನಿಂದ ಮೆಲ್ಲನೆ ಕಾಕಾನ ದನಿ ಬಂತು.

"ಯಾಕ ಸುಮ್ಮನಾದಿ? ಹೇಳು. ಮುಂದ?"

ಕಾಕಿ ಶುರು ಮಾಡಿದರು. ತವರಿನದು, ಅತ್ತೆಯದು, ಮದುವೆಯಾದ ಹೊಸದರದು. ನಾನು ಕೇಳದ್ದು, ಕಾಕಾನೂ ಕೇಳದ್ದು. ಶಿರೂರು ಬಂತು. ಮನೆಯ ಮುಂದೆ ನಾನು ಬ್ರೇಕು ಒತ್ತುತ್ತಿದ್ದಂತೆ ಕಾಕಾ ನನ್ನ ಭುಜ ತಟ್ಟಿ, ಸದ್ದು ಮಾಡದೆ, ಇನ್ನೊಂದು ಸುತ್ತು ಹೋಗು ಎಂದು ಕೈಯಲ್ಲೇ ಸನ್ನೆ ಮಾಡಿದರು.