ಗಾಳಿಯಾಡದ ಕೊಟ್ಟಿಗೆ

ಹಳೇ ಕಟ್ಟಡದ ರಿಪೇರಿಗೆ ಕೈ ಹಾಕಿದವರಿಗೆ ನಗೋದಕ್ಕೆ ಬೇರೇನೂ ಬೇಕಾಗಿಲ್ಲ. ನಾನು ದನದ ಡಾಕ್ಟರು. ಪಾಂಡವಪುರದಾಚೆ ಇರುವ ನಮ್ಮ ಸಂಶೋಧನಾ ಕೇಂದ್ರದಲ್ಲಿ ದನಗಳ ಅಂಟುರೋಗಕ್ಕೆ ಲಸಿಕೆ ಹುಡುಕುತ್ತೇವೆ. ಪ್ರಯೋಗದ ಮೊಲ, ಇಲಿಗಳನ್ನಿಡುವ ಮನೆ ಹಳತಾಗಿತ್ತು. "ರೋಗಾಣು ಆಚೆ ಹೋಗದ ಹಾಗೆ ಸರಿ ಮಾಡಿ, ಇಲ್ಲವೇ ಬೀಗ ಹಾಕಿ" ಎಂದು ಮೇಲಿನವರು ಆರು ತಿಂಗಳ ಗಡುವು ಕೊಟ್ಟರು. ಬೀಗ ಬಿದ್ದರೆ ಇಷ್ಟು ವರ್ಷದ ಕೆಲಸವೆಲ್ಲ ನೀರುಪಾಲು. ನನಗೋ ಮೂಗಿನ ತುದಿಯಲ್ಲೇ ಕೋಪ. "ಮಾಡಿಯೇ ತೋರಿಸ್ತೀನಿ" ಅಂದುಬಿಟ್ಟೆ.

ಕಿಂಡಿ

ಗಾರೆ ಕೆಲಸಕ್ಕೆ ಬಂದವರು ಚಿನಕುರಳಿಯ ಮೇಸ್ತ್ರಿ. ಕೊಟ್ಟಿಗೆ ಕಟ್ಟೋದರಲ್ಲಿ ಎತ್ತಿದ ಕೈ. ಸಣ್ಣ ಬಿರುಕೂ ಇರಕೂಡದು, ಗಾಳಿ ಬರೋದು ಹೋಗೋದು ಮಿಷಿನ್ನಿನ ಮೂಲಕವೇ ಎಂದು ಮೂರು ಸಲ ಹೇಳಿದ್ದೆ. ಸೋಮವಾರ ಹೋಗಿ ನೋಡಿದರೆ ಹಿಂದಿನ ಗೋಡೆಯಲ್ಲಿ ಅಂದವಾದ ಕಿಂಡಿ!

"ಇದೇನ್ರೀ ಮೇಸ್ತ್ರಿ?"

"ಮೂಕ ಪ್ರಾಣಿ ಕಣವ್ವಾ, ಉಸ್ರು ಕಟ್ಟಾಕಿಲ್ವಾ? ನೀವು ಓದ್ದೋರು, ಮರ್ತಿರ್ತೀರಿ ಅಂತ ನಾನೇ ಬುಟ್ಟೆ."

ನಿಂತು ಮುಚ್ಚಿಸಿದೆ. ಮಾರನೇ ದಿನ ಪಕ್ಕದ ಗೋಡೆಯಲ್ಲಿ ಇನ್ನೊಂದು ಕಿಂಡಿ, ಮೊದಲಿನದಕ್ಕಿಂತ ಚಿಕ್ಕದು. ನಾನು ಕೆಂಡವಾದೆ. ಮೇಸ್ತ್ರಿ ಸಮಾಧಾನ ಹೇಳಿದರು: "ಬಯ್ಬೇಡಿ ಕಣವ್ವಾ. ನೆನ್ನೇದು ಮೊಲಕ್ಕೆ. ಇದು ಬರೀ ಇಲಿಗೆ."

ಒದ್ದೆ ತಲೆ

ಒಳಗೆ ಹೋಗುವಾಗಲೂ ಆಚೆ ಬರುವಾಗಲೂ ತಲೆಗೆ ನೀರು ಹಾಕಿಕೊಳ್ಳಲೇಬೇಕು ಅನ್ನೋದು ಹೊಸ ನಿಯಮ. ಪ್ರಾಣಿ ನೋಡಿಕೊಳ್ಳುವ ನಮ್ಮ ಅಟೆಂಡರ್ ಅಕ್ಕಿಹೆಬ್ಬಾಳಿನವನು. ಅಭ್ಯಾಸವಾಗಲಿ ಅಂತ ಮೊದಲ ದಿನದಿಂದಲೇ ಚಾಚೂ ತಪ್ಪದೆ ಪಾಲಿಸಿದ. ನಮ್ಮ ಕಡೆ ಹೊತ್ತಲ್ಲದ ಹೊತ್ತಿನಲ್ಲಿ ತಲೆ ಒದ್ದೆ ಮಾಡಿಕೊಂಡು ಬಂದರೆ ಸಾವಿಗೆ ಹೋಗಿ ಬಂದ ಅಂತಲೇ ಲೆಕ್ಕ. ನಾಲ್ಕು ದಿನ ಬಿಡದೆ ಸಾಯಂಕಾಲ ಒದ್ದೆ ತಲೆ ನೋಡಿದ ಊರವರು ನಾಗಮಂಗಲದಲ್ಲಿದ್ದ ಅವನ ಅಕ್ಕನಿಗೆ ಫೋನು ಮಾಡಿದರು. ಆಯಮ್ಮ ಬಸ್ಸಿಳಿದವಳೇ ಅಳುತ್ತಾ ಬಂದಳು.

"ಯಾರ್ಲಾ ತೀರೋದೋರು?"

"ಯಾರೂ ಇಲ್ಲ ಕಣಕ್ಕ. ಇಲಿ ಮನೆಯಿಂದ ಬಂದೆ."

ಅಕ್ಕ ಕಣ್ಣೊರೆಸಿಕೊಂಡು ಬೈದಳು: "ಥೂ ನಿನ್ನ! ಇಲಿ ಸತ್ರೂ ತಲೆಗೆ ನೀರು ಉಯ್ಕತೀಯೇನ್ಲಾ?"

ತೊಟ್ಟಿ

ಗಡುವಿನ ಕೊನೆಯ ವಾರ ತಪಾಸಣೆಗೆ ಸಾಹೇಬರು ಬಂದರು. ಸ್ನಾನ ಮಾಡಿ, ನಾವು ಕೊಟ್ಟ ಬಟ್ಟೆ ತೊಟ್ಟು, ಫೈಲು ಹಿಡಿದೇ ಒಳಗೆ ಹೋದರು. ಮೂಲೆ ಮೂಲೆ ನೋಡಿ, ಅಲ್ಲೇ ನಿಂತು ಒಪ್ಪಿಗೆ ಬರೆದು ಸಹಿ ಹಾಕಿದರು. ಗಾಜಿನಾಚೆ ನಿಂತಿದ್ದ ನನಗೆ ಸಂತೋಷದಲ್ಲಿ ಕಣ್ಣು ತುಂಬಿ ಬಂತು.

ಹೊರಡುವಾಗ ಅಟೆಂಡರ್ ಬಾಗಿಲಿಗೆ ಅಡ್ಡ ನಿಂತ. "ಒಳಿಕ್ಕೆ ಬಂದದ್ದು ಏನೇ ಆಗ್ಲಿ, ಮದ್ದಿನ ನೀರಿನ ತೊಟ್ಟೀಲಿ ಮುಳುಗ್ದೆ ಆಚೆ ಓಗಾಕಿಲ್ಲ ಸಾ."

"ಇದು ನಿಮ್ಮ ಒಪ್ಪಿಗೆ ಕಾಗದ ಕಣಯ್ಯ! ರೋಗದ ಪ್ರಾಣಿ ಇನ್ನೂ ಬಂದೇ ಇಲ್ಲ!"

"ಇವತ್ತು ಬುಟ್ರೆ ನಾಳೆ ಎಲ್ರೂ ಬುಡು ಅಂತಾರೆ ಸಾ."

ನಾನು ಗಾಜು ಬಡಿದೆ. "ಬಿಡಪ್ಪಾ, ನಿನ್ನ ದಮ್ಮಯ್ಯ!"

"ನೀವೇ ಏಳ್ಕೊಟ್ಟಿದ್ದು ಕಣವ್ವಾ" ಎಂದವನೇ ಫೈಲು ತೆಗೆದುಕೊಂಡು ಗುಳುಂ ಅಂತ ಮುಳುಗಿಸಿಯೇಬಿಟ್ಟ. ಆರು ತಿಂಗಳ ದುಡಿಮೆ ಕಣ್ಣೆದುರೇ ನೀಲಿ ನೀರಾಯಿತು.

ಮುಗೀತು ನಮ್ಮ ಕಥೆ ಅಂದುಕೊಂಡೆ. ಸಾಹೇಬರು ಮತ್ತೆ ಸ್ನಾನ ಮಾಡಿ, ತಮ್ಮ ಬಟ್ಟೆ ಹಾಕಿಕೊಂಡು ಬಂದು ಕೂತರು. ಬಿಳಿ ಹಾಳೆ ಕೇಳಿದರು. ಜೇಬು ತಡಕಿದರು.

"ಪೆನ್ನೂ ತೊಟ್ಟೀಲೈತೆ ಸಾ" ಅಂದ ಅಟೆಂಡರ್. "ಇನ್ನರ್ಧ ಗಂಟೆ ನೆನೀಬೇಕು."

ನನ್ನ ಪೆನ್ನು ಕೊಟ್ಟೆ. ಸಾಹೇಬರು ಬರೆದು, ಸಹಿ ಹಾಕಿ, ಹಾಳೆ ನನ್ನ ಕಡೆ ತಳ್ಳಿದರು. ಓದಿದೆ:

"ಒಪ್ಪಿಗೆ ಕೊಟ್ಟಿದ್ದೇನೆ. ಇಲ್ಲಿಂದ ರೋಗಾಣು ಆಚೆ ಬರುವ ಮಾತೇ ಇಲ್ಲ. ನಾನೇ ಆಚೆ ಬರುವಷ್ಟರಲ್ಲಿ ಸಾಕುಸಾಕಾಯಿತು."