ಗೆದ್ದಲು ಮೇಷ್ಟ್ರ ಹನ್ನೊಂದನೆಯ ಕಲಮು

ಎಲ್ಲ ತಾಪತ್ರಯಕ್ಕೂ ಕಾರಣ ಮೌಲ್ಯಮಾಪನ ಫಾರಮ್ಮಿನ ಹನ್ನೊಂದನೆಯ ಕಲಮು. ಮೊದಲ ಹತ್ತನ್ನು ಗೆದ್ದಲು ಮೇಷ್ಟ್ರು ಒಂದೇ ಪಟ್ಟಿಗೆ ಕೂತು ತುಂಬಿ ಮುಗಿಸಿದ್ದರು. ಇಪ್ಪತ್ತೆರಡು ವರ್ಷ ಗೆದ್ದಲಿನ ಬೆನ್ನು ಬಿದ್ದು ಮೂವತ್ತೊಂದು ಪ್ರಬಂಧ ಬರೆದವರು. ಗುಣಮಟ್ಟದ ಮಾತು ಬಂದರೆ ಯಾರೂ ಬೆರಳು ತೋರಿಸುವಂತಿರಲಿಲ್ಲ. ಹನ್ನೊಂದನೆಯದು ಬೇರೆಯೇ ಕೇಳಿತ್ತು: ‘ನಿಮ್ಮ ಸಂಶೋಧನೆಯಿಂದ ವಿಶ್ವವಿದ್ಯಾಲಯದ ಹೊರಗಿನ ಯಾರ ಬದುಕು ಬದಲಾಯಿತು? ಸಾಕ್ಷಿಯನ್ನು ಹಾಜರುಪಡಿಸಿ.’

ದೇಶದ ವಿಶ್ವವಿದ್ಯಾಲಯಗಳನ್ನೆಲ್ಲ ಏಳು ವರ್ಷಕ್ಕೊಮ್ಮೆ ತೂಗಿ ನೋಡುವ ಸಮಿತಿ ಅಂದೇ ಮಧ್ಯಾಹ್ನ ಮೂರಕ್ಕೆ ಬರುವುದಿತ್ತು. ಪರಿಣಾಮ ಸೊನ್ನೆ ಎಂದಾದರೆ ಮೇಷ್ಟ್ರ ಪ್ರಯೋಗಾಲಯಕ್ಕೆ ಬೀಗ. ಕಾರಿಡಾರಿನ ಕೊನೆಯ ಆ ಕೋಣೆ, ಅದರಲ್ಲಿ ನಲವತ್ತು ಗಾಜಿನ ಪೆಟ್ಟಿಗೆ, ಪೆಟ್ಟಿಗೆ ತುಂಬ ಗೆದ್ದಲು. ಅವರ ಪ್ರಪಂಚವೇ ಅಷ್ಟು.

“ಒಬ್ಬರಿಗೂ ಉಪಯೋಗ ಆಗಿಲ್ವೇನ್ರೀ ನಿಮ್ಮಿಂದ?” ವಿಭಾಗದ ಮುಖ್ಯಸ್ಥರು ತಲೆಯ ಮೇಲೆ ಕೈ ಹೊತ್ತು ಕೇಳಿದರು.

“ಒಬ್ಬ ಬಡಗಿ ಇದ್ದಾನೆ ಸಾರ್. ನಮ್ಮ ತೊಗಟೆ ಕಷಾಯ ತಗೊಂಡು ಹೋಗಿ ಬಾಗಿಲ ಚೌಕಟ್ಟಿಗೆ ಬಳಿದಿದ್ದ.”

ಬಡಗಿ ಬಂದ. ಕಿವಿಯ ಮೇಲೆ ಪೆನ್ಸಿಲ್ಲು, ಮೀಸೆಯಲ್ಲಿ ಮರದ ಹೊಟ್ಟು.

“ಹತ್ತು ಮನೆಗೆ ಬಳಿದೆ ಮೇಷ್ಟ್ರೇ. ನಾಲ್ಕು ಮನೇಲಿ ಗೆದ್ದಲು ನಿಂತು ಹೋಯ್ತು. ಇನ್ನಾರು ಮನೇಲಿ ಕಷಾಯಾನೂ ಸೇರಿಸಿ ತಿಂತು.”

ಮೇಷ್ಟ್ರ ಮುಖ ಅರಳಿತು. ನಾಲ್ಕು ಅಂದರೆ ಒಳ್ಳೆಯ ಫಲಿತಾಂಶ. ಉಳಿದ ಆರು ಮುಂದಿನ ಹತ್ತು ವರ್ಷದ ಕೆಲಸ. ಆದರೆ ಬಾಟಲಿಗೆ ನೀರು ಹಿಡಿಯಲು ಬಂದಿದ್ದ ಲೈಬ್ರರಿಯಮ್ಮ ಬಿಡಬೇಕಲ್ಲ.

“ಮೇಷ್ಟ್ರೇ, ನೂರಕ್ಕೆ ನಲವತ್ತು ತಗೊಂಡ್ರೆ ಮಕ್ಕಳು ಕೂಡ ಮನೇಲಿ ಬಾಯಿ ಬಿಡಲ್ಲ. ಎಂಟು ಅನ್ಲಿ.”

“ಹತ್ತೂ ಅನ್ಲಿ,” ಎಂದರು ಮುಖ್ಯಸ್ಥರು. “ಆ ಎರಡನ್ನ ಇಟ್ಕೊಂಡು ಏನು ಮಾಡ್ತೀರಿ?”

“ನಂಗೇನು, ನೀವು ಹೇಳಿದ ಅಳತೆಗೆ ಕುಯ್ದು ಕೊಡ್ತೀನಿ,” ಎಂದ ಬಡಗಿ.

ಅಷ್ಟರಲ್ಲಿ ಮನೆಯಿಂದ ಮೇಷ್ಟ್ರ ಹೆಂಡತಿಯ ಫೋನು. ಸುದ್ದಿ ಆಗಲೇ ಅಲ್ಲಿಗೂ ಮುಟ್ಟಿತ್ತು. “ರೀ, ಒಬ್ಬ ಸಾಕ್ಷಿ ಎಲ್ಲಿ ಸಾಲುತ್ತೆ? ಪಕ್ಕದ ಮನೆ ಅಜ್ಜೀನ ಕರ್ಕೊಂಡು ಬರ್ತಿದ್ದೀನಿ.”

“ಅವರ ಮನೇಲಿ ಯಾವತ್ತೂ ಗೆದ್ದಲೇ ಇರ್ಲಿಲ್ವಲ್ಲೇ.”

“ಈಗಲೂ ಇಲ್ವಲ್ಲ. ಅದ್ರಲ್ಲಿ ಸುಳ್ಳೇನಿದೆ?”

ಎರಡು ಗಂಟೆಗೆ ಮುಖ್ಯಸ್ಥರಿಗೆ ಇನ್ನೊಂದು ಹೊಳೆಯಿತು. ಹೊರಗೆ ಗೆದ್ದಲೇ ಇಲ್ಲ ಎಂದು ಹೇಳಿಸಿ ಒಳಗೆ ನಲವತ್ತು ಪೆಟ್ಟಿಗೆ ಸಾಕಿಕೊಂಡಿದ್ದರೆ ನೋಡಿದವರು ನಗುವುದಿಲ್ಲವೇ? ಪೆಟ್ಟಿಗೆಗಳೆಲ್ಲ ಲೈಬ್ರರಿಯ ಹಿಂದಿನ ಕೋಣೆಗೆ ಹೊರಟವು. ಹೊತ್ತವರು ಮೇಷ್ಟ್ರು, ದಾರಿ ತೋರಿಸಿದವರು ಉಳಿದವರು. ಮೂವತ್ತೊಂಬತ್ತು ಕ್ಷೇಮವಾಗಿ ಸೇರಿದವು. ನಲವತ್ತನೆಯದು ಕೈ ಜಾರಿ ಮುಖ್ಯಸ್ಥರ ಸ್ವಾಗತ ಭಾಷಣದ ಮೇಲೆ ಮಗುಚಿಕೊಂಡಿತು. ಅವರು ಹಾಳೆಗಳನ್ನು ಕೊಡವಿ ಜೇಬಿಗೆ ತುರುಕಿಕೊಂಡು ಬಾಗಿಲಿಗೆ ಓಡಿದರು. ಸಮಿತಿಯ ಕಾರು ಬಂದಿತ್ತು.

ಸಮಿತಿಯವರು ಮೂವರು. ಅಧ್ಯಕ್ಷೆಯ ಕನ್ನಡಕ ಸರಪಳಿಯಲ್ಲಿ ತೂಗುತ್ತಿತ್ತು. ಮುಖ್ಯಸ್ಥರು ಭಾಷಣ ಓದುತ್ತ ಹೋದಂತೆ ಎರಡನೆಯ ಸಾಲಿನ ಮೇಲೆ ಏನೋ ನಡೆದಾಡತೊಡಗಿತು. ಅವರು ಅದರ ಮೇಲೆ ಹೆಬ್ಬೆರಳಿಟ್ಟರು. ಬೆರಳಿನಡಿ ಸಿಕ್ಕಿದ ವಾಕ್ಯವನ್ನು ಓದದೆಯೇ ಮುಂದೆ ದಾಟಿದರು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

ಬಡಗಿ ಎದ್ದು ನಿಂತ. ಮೂರು ಜನ ದೊಡ್ಡವರು ಒಟ್ಟಿಗೆ ತನ್ನ ಮಾತು ಬರೆದುಕೊಳ್ಳುವುದನ್ನು ಅವನು ಹುಟ್ಟಿದ ಮೇಲೆ ನೋಡಿರಲಿಲ್ಲ. ಹತ್ತು ಮನೆ ಒಂದು ಬೀದಿಯಾಯಿತು, ಬೀದಿ ಊರಾಯಿತು.

“ಗೆದ್ದಲು ಅಂದ್ರೆ ಹೇಗಿರುತ್ತೆ ಅಂತ ಮಕ್ಕಳು ನನ್ನ ಕೇಳ್ತಾರೆ ತಾಯೀ. ತೋರ್ಸೋಣ ಅಂದ್ರೆ ಒಂದೂ ಸಿಗಲ್ಲ.”

“ನೀವೇನಂತೀರಿ ಅಜ್ಜಿ?” ಎಂದು ಅಧ್ಯಕ್ಷೆ ಕೇಳಿದರು.

“ನಾನು ಗೆದ್ದಲು ನೋಡಿ ಹನ್ನೆರಡು ವರ್ಷ ಆಯ್ತು ಮಗಳೇ,” ಎಂದರು ಅಜ್ಜಿ. ಅದು ನಿಜವೇ. ಕಣ್ಣಿಗೆ ಪೊರೆ ಬಂದ ಮೇಲೆ ಅವರು ಗೆದ್ದಲನ್ನಿರಲಿ, ಬೆಕ್ಕನ್ನೂ ಸರಿಯಾಗಿ ನೋಡಿರಲಿಲ್ಲ.

ಮೂವರೂ ಪಿಸುಗುಟ್ಟಿಕೊಂಡರು. ಅಧ್ಯಕ್ಷೆ ಎದ್ದರು.

“ನಾವು ನೋಡಿದ ಅರವತ್ತು ವಿಭಾಗಗಳಲ್ಲಿ ಇದಕ್ಕೇ ಮೊದಲ ದರ್ಜೆ. ಎಲ್ಲರೂ ಸಮಸ್ಯೆ ಬಗೆಹರೀತಾ ಇದೆ ಅಂತಾರೆ. ಪೂರ್ತಿ ಬಗೆಹರಿಸಿದವರು ನೀವೊಬ್ಬರೇ.”

ಲೈಬ್ರರಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಹೆಂಡತಿ ಅಜ್ಜಿಯ ಕೈ ಹಿಸುಕಿದರು.

“ಬಗೆಹರಿದ ಮೇಲೆ ಪ್ರಯೋಗಾಲಯ ಯಾಕೆ ಹೇಳಿ? ಅದನ್ನ ಗೌರವದಿಂದ ಮುಚ್ಚೋಕೆ ಶಿಫಾರಸು ಮಾಡಿದ್ದೀವಿ. ನಾಳೆಯಿಂದಲೇ.”

ಮೇಷ್ಟ್ರು ದಡಬಡಿಸಿ ಎದ್ದರು. “ಅಮ್ಮಾ, ಪೂರ್ತಿ ಬಗೆಹರಿದಿಲ್ಲ. ಹತ್ತು ಮನೇಲಿ ನಾಲ್ಕೇ ನಾಲ್ಕು...”

“ಎಂಥ ವಿನಯ ನೋಡಿ,” ಎಂದು ಅಧ್ಯಕ್ಷೆ ಪಕ್ಕದವರಿಗೆ ಹೇಳಿದರು. “ಅದನ್ನೂ ಬರ್ಕೊಳ್ಳಿ.”

ನಾಳೆಯವರೆಗೂ ಕಾಯದೆ ಅಂದೇ ಐದು ಗಂಟೆಯ ಹೊತ್ತಿಗೆ ಖಾಲಿ ಕೋಣೆಯ ಬಾಗಿಲಿಗೆ ‘ಪರಿಣಾಮ ಘಟಕ’ ಎಂಬ ಹೊಸ ಹಲಗೆ ಬಿತ್ತು. ಮೊದಲ ದರ್ಜೆ ತಂದವರೇ ಉಳಿದ ವಿಭಾಗಗಳಿಗೂ ದಾರಿ ತೋರಿಸಲಿ ಎಂದು ಮುಖ್ಯಸ್ಥರು ಮೇಷ್ಟ್ರನ್ನೇ ಅದರಲ್ಲಿ ಕೂರಿಸಿದರು. ಮೇಷ್ಟ್ರು ಬರಿಯ ಮೇಜಿನ ಮುಂದೆ ಕೂತರು. ಬಾಗಿಲಲ್ಲಿ ಗಣಿತದ ಮೇಷ್ಟ್ರು ಕೈಯಲ್ಲೊಂದು ಹಾಳೆ ಹಿಡಿದು ನಿಂತಿದ್ದರು.

“ನನ್ನದೊಂದು ಸೂತ್ರ ಇದೆ,” ಎಂದರು ಮೆಲ್ಲಗೆ. “ಅದರಿಂದ ಯಾರ ಬದುಕು ಬದಲಾಯ್ತು ಅಂತ ಸ್ವಲ್ಪ ಹುಡುಕಿ ಕೊಡ್ತೀರಾ?”